ಡಾಕ್ಟರು ಹೇಳಿದ್ದರು, ನಾನು ಹೇಳಲಿಲ್ಲ

ಒಂದು ನಿಮಿಷ ಹನ್ನೆರಡು ಸೆಕೆಂಡಿನ ನನ್ನ ದನಿ ಇವತ್ತಿಗೂ ಎಷ್ಟು ಜನರ ಫೋನಿನಲ್ಲಿ ಉಳಿದಿದೆಯೋ ಗೊತ್ತಿಲ್ಲ. ಹೊಸಪೇಟೆಯ ನಮ್ಮ ಓಣಿಯಲ್ಲಿ, ಕಂಪ್ಲಿಯಲ್ಲಿ, ಸಂಡೂರಿನ ಬೀಗರ ಮನೆಗಳಲ್ಲಿ ಅದು ಓಡಾಡಿತು. ದನಿ ಮೆತ್ತಗಿದೆ, ಮಾತು ಸ್ಪಷ್ಟವಾಗಿದೆ. ನಡುವೆ ಒಮ್ಮೆ ನಾನು ಕೆಮ್ಮಿದ್ದೇನೆ. ಕೇಳಿದವರಲ್ಲಿ ಒಬ್ಬರೂ ಆ ಕೆಮ್ಮಿನ ಬಗ್ಗೆ ಕೇಳಲಿಲ್ಲ. ಅದು ಎಷ್ಟನೆಯ ವಾರದ್ದೆಂದು ಕೆಮ್ಮಿದವಳಿಗೆ ಮಾತ್ರ ಗೊತ್ತಿತ್ತು.

ನನಗೆ ಟಿಬಿ ಆಗಿತ್ತು. ಆರು ತಿಂಗಳು ಗುಳಿಗೆ ನುಂಗಿ ಗುಣವಾಗಿದ್ದೇನೆ. ರವಿಕೆಗಳು ಮತ್ತೆ ಸಡಿಲ ಮಾಡಿಸಿಕೊಳ್ಳಬೇಕಾದಷ್ಟು ಬಿಗಿಯಾಗಿವೆ. ಆದರೆ ಗುಣವಾದ ಖುಷಿಗೆ ಇದನ್ನು ಬರೆಯುತ್ತಿಲ್ಲ. ಆ ದನಿಯಲ್ಲಿ ನಾನು ಒಂದು ಮಾತು ಬಿಟ್ಟಿದ್ದೆ. ಅದರಿಂದ ನನ್ನ ನಾದಿನಿ ನಾಗವೇಣಿಗೆ ಆದದ್ದನ್ನು ಬರೆಯದಿದ್ದರೆ ನನ್ನ ಗುಣ ಪೂರ್ತಿಯಾಗುವುದಿಲ್ಲ ಅನ್ನಿಸಿದೆ.

ನಾನು ಓದಿದ್ದು ಸಿಸ್ಟರುಗಳ ಕಾನ್ವೆಂಟಿನಲ್ಲಿ. ಮದುವೆಯಾಗಿ ಬಂದ ಮನೆಯವರದು ಲಾರಿ ಟೈರಿನ ಅಂಗಡಿ. ಅಲ್ಲಿ ನನ್ನ ಇಂಗ್ಲಿಷಿಗೆ ಇದ್ದ ಕೆಲಸವೆಂದರೆ ಔಷಧದ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವುದು, ಮಗಳು ಸಿಂಧುವಿನ ಹೋಂವರ್ಕ್ ನೋಡುವುದು, ಅಷ್ಟೆ. ಕೋವಿಡ್ ಕಾಲದಲ್ಲಿ ಮತ್ತೊಂದು ಕೆಲಸ ಸೇರಿತು. ಟಿವಿಯಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ನಾಲ್ಕು ಚೌಕಗಳಲ್ಲಿ ಕೂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನಮ್ಮ ಅತ್ತೆಯವರು ಟಿವಿಯನ್ನೂ ನನ್ನನ್ನೂ ನೋಡಿ, 'ಏನಂದ್ರು?' ಅನ್ನುತ್ತಿದ್ದರು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಪಕ್ಕದ ಮನೆಯವರೂ ಕೇಳಲು ಬಂದರು. ಬರಲಾಗದವರಿಗೆ ಫೋನಿನಲ್ಲಿ ಮಾತಾಡಿ ಕಳಿಸತೊಡಗಿದೆ. ಕೋವಿಡ್ ಹೋಯಿತು, ಈ ರೂಢಿ ಹೋಗಲಿಲ್ಲ. ಸಕ್ಕರೆ ಕಾಯಿಲೆ, ಡೆಂಗಿ, ಮಕ್ಕಳ ಕೆಮ್ಮಿನ ಸಿರಪ್ಪು, ಯಾವುದರ ಬಗ್ಗೆ ತಜ್ಞರು ಮಾತಾಡಿದರೂ ನಮ್ಮ ಮನೆತನದ ಹೆಂಗಸರ ಗ್ರೂಪಿನಲ್ಲಿ ಮರುದಿನ ನನ್ನ ದನಿ ಇರಬೇಕು. ಇಲ್ಲದಿದ್ದರೆ ನಾಗವೇಣಿ ಕಂಪ್ಲಿಯಿಂದ ಫೋನು ಮಾಡುತ್ತಿದ್ದಳು. "ಅತ್ತಿಗಿ, ಡಾಕ್ಟ್ರು ಇವತ್ತ ರಜಾ ಹಾಕ್ಯಾರೇನು?" ಎಂದು ಕೇಳಿ ತಾನೇ ನಗುತ್ತಿದ್ದಳು. ಅವಳ ನಗು ನಮ್ಮ ಮನೆಯಲ್ಲಿ ಹೆಸರುವಾಸಿ. ಒಮ್ಮೆ ಶುರುವಾದರೆ ಉಸಿರು ತಿರುಗಿಸಿಕೊಂಡು ಮೂರು ಸುತ್ತು ಬರುತ್ತಿತ್ತು.

ಹಾಗೆ ಕೇಳಿಸಿಕೊಳ್ಳುವವರು ಇದ್ದುದು ನನಗೆ ಹಿತವಾಗಿತ್ತು ಎಂಬುದನ್ನೂ ಹೇಳಿಬಿಡಬೇಕು.

ಕೆಮ್ಮು ಶುರುವಾದದ್ದು ದಸರೆಯಲ್ಲಿ. ನಮ್ಮ ಊರಲ್ಲಿ ಕೆಮ್ಮಿಗೆ ಯಾರೂ ಕಾರಣ ಹುಡುಕುವುದಿಲ್ಲ. ಅದಿರಿನ ಲಾರಿ ಓಡುವ ದಾರಿಯ ಮನೆಗಳಲ್ಲಿ ಕಿಟಕಿಯ ಪರದೆ ಯಾವ ಬಣ್ಣದ್ದು ತಂದರೂ ಆರು ತಿಂಗಳಲ್ಲಿ ಅದೇ ಕೆಂಪು ಬಣ್ಣಕ್ಕೆ ಬರುತ್ತದೆ. ಕೆಮ್ಮಿದರೆ ಧೂಳು. ಗಂಟಲು ಕೆರೆದರೆ ಧೂಳು. ದೀಪಾವಳಿಗೆ ನಾಗವೇಣಿ ತವರಿಗೆ ಬಂದಾಗ ಅವಳಿಗೂ ಕೆಮ್ಮು ಇತ್ತು. ಅವಳ ಗಂಡನದು ಅಕ್ಕಿ ಗಿರಣಿ. ಮನೆಗೂ ಗಿರಣಿಗೂ ನಡುವೆ ಒಂದು ಗೋಡೆ. ಎಂಟು ದಿನ ಅವಳೂ ನಾನೂ ಒಂದೇ ಕೋಣೆಯಲ್ಲಿ ಮಲಗಿ, ಸರದಿಯ ಮೇಲೆ ಕೆಮ್ಮಿ, ನನ್ನದು ಗಣಿಯ ಧೂಳು, ನಿನ್ನದು ತೌಡಿನ ಧೂಳು ಎಂದು ಪಾಲು ಹಂಚಿಕೊಂಡು ನಕ್ಕೆವು.

ಅವಳು ಕಂಪ್ಲಿಗೆ ಹೋದ ನಾಲ್ಕನೆಯ ದಿನ ಮಧ್ಯಾಹ್ನ ಆ ಕಾರ್ಯಕ್ರಮ ಬಂತು. ಚಳಿಗಾಲದ ಕೆಮ್ಮಿನ ಬಗ್ಗೆ. ಎದೆಯ ರೋಗಗಳ ತಜ್ಞರೊಬ್ಬರು, ನರೆತ ಹುಬ್ಬು, ನಿಧಾನದ ಮಾತು. ಈ ಸಲದ ಕೆಮ್ಮು ಹೆಚ್ಚಿನವರಿಗೆ ವೈರಸ್ಸಿನದು, ಬಿಡಲು ದಿನ ಹಿಡಿಯುತ್ತದೆ, ನಿಮ್ಮಷ್ಟಕ್ಕೆ ನೀವೇ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಬೇಡಿ, ಗಾಬರಿಯಾಗಬೇಡಿ ಅಂದರು. ನಾನು ಹಾಲಿನ ಚೀಟಿಯ ಹಿಂದೆ ಬರೆದುಕೊಳ್ಳುತ್ತಿದ್ದೆ. ಆಮೇಲೆ ಅವರು ಸ್ವಲ್ಪ ತಡೆದು, ಕ್ಯಾಮೆರಾವನ್ನು ನೇರವಾಗಿ ನೋಡಿ ಇನ್ನೊಂದು ಮಾತು ಅಂದರು. ಎರಡು ವಾರ ದಾಟಿದರೆ, ಸಂಜೆ ಮೈ ಬೆಚ್ಚಗಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಮಾತ್ರ ಕಾಯಬೇಡಿ, ಕಫ ಪರೀಕ್ಷೆ ಮಾಡಿಸಿಕೊಳ್ಳಿ.

ನನ್ನ ಪೆನ್ನು ನಿಂತಿತು. ನನಗೆ ಆಗ ಐದನೆಯ ವಾರ. ಸಂಜೆ ಐದಕ್ಕೆ ಕಣ್ಣುರಿ, ಮೈಯಲ್ಲಿ ಒಂದು ಬಿಸಿ. ಹಬ್ಬದ ರವಿಕೆಯನ್ನು ಎರಡೂ ಮಗ್ಗುಲಲ್ಲಿ ಹೊಲಿಗೆ ಒಳಗೆ ಹಾಕಿ ತೊಟ್ಟಿದ್ದೆ, ದರ್ಜಿಯನ್ನು ಬೈದುಕೊಂಡು.

ಆ ಚೀಟಿ ಹಿಡಿದುಕೊಂಡು ಫೋನಿನಲ್ಲಿ ಮಾತಾಡಲು ಕೂತೆ. ಮೊದಲನೆಯದೆಲ್ಲ ಚೆನ್ನಾಗಿ ಹೇಳಿದೆ. ಕೊನೆಯ ಮಾತಿಗೆ ಬಂದಾಗ ಬಾಯಿ ಬರಲಿಲ್ಲ. ನನ್ನ ಬಾಯಿಂದಲೇ ಅದನ್ನು ಹೇಳಿದರೆ ಗ್ರೂಪಿನಲ್ಲಿ ಯಾರಾದರೂ, 'ನಿಮಗೂ ಕೆಮ್ಮು ಐತಲ್ಲ' ಅನ್ನುತ್ತಾರೆ. ಯಾರೂ ಅನ್ನದಿದ್ದರೂ ನಾನೇ ಕೇಳಿಸಿಕೊಳ್ಳಬೇಕು. 'ಗಾಬರಿ ಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ' ಎಂದು ಮುಗಿಸಿ ಬೆರಳು ತೆಗೆದೆ. ಮರೆತದ್ದಲ್ಲ. ಸಮಯ ಸಾಲದೆ ಬಿಟ್ಟದ್ದೂ ಅಲ್ಲ. ಇಷ್ಟು ತಿಂಗಳು ನನಗೆ ನಾನೇ ಆ ಎರಡೂ ಸುಳ್ಳನ್ನು ಸಾಕಷ್ಟು ಸಲ ಹೇಳಿ ನೋಡಿದ್ದೇನೆ.

ಕೈ ಮುಗಿಯುವ ಚಿತ್ರಗಳು, ಹೂವಿನ ಚಿತ್ರಗಳು ಬಂದು ಬಿದ್ದವು. ನಾಗವೇಣಿ, "ಈಗ ಸಮಾಧಾನ ಆತು ನೋಡ್ರಿ" ಎಂದು ಮಾತಾಡಿ ಕಳಿಸಿದಳು.

ಮುಂದಿನದು ಕುರೆಕುಪ್ಪದಲ್ಲಿ ಆಯಿತು. ಸ್ಟೀಲ್ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ನಮ್ಮವರ ದೊಡ್ಡಪ್ಪನ ಮಗ ಹೊಸ ಮನೆ ಕಟ್ಟಿಸಿದ್ದ, ಗೃಹಪ್ರವೇಶ. ಕೆಮ್ಮುವಾಗ ಕರವಸ್ತ್ರ ಹಿಡಿಯಬೇಕೆಂದು ಸಿಸ್ಟರು ಒಂದನೆಯ ಕ್ಲಾಸಿನಲ್ಲಿ ಕಲಿಸಿದ್ದು ನನಗೆ ಇನ್ನೂ ಬಿಟ್ಟಿಲ್ಲ. ಸೊಂಟದಲ್ಲಿ ಒಂದು ಬಿಳಿ ಕರವಸ್ತ್ರ ಸದಾ ಇರುತ್ತದೆ. ಊಟಕ್ಕೆ ಕೂಡುವ ಮುಂಚೆ ಜೋರಾಗಿ ಕೆಮ್ಮು ಬಂತು. ಕರವಸ್ತ್ರದಲ್ಲಿ ಕೆಂಪು ಚುಕ್ಕೆಗಳು. ನಾನು ಹೆದರಲಿಲ್ಲ. ಆ ಕಡೆ ಹೋಗಿ ಬಂದ ಬಿಳಿ ಬಟ್ಟೆ ಯಾವುದು ಕೆಂಪಾಗದೆ ಉಳಿದಿದೆ? ಕಾರಿನ ಕಿಟಕಿ ಇಳಿಸಿಕೊಂಡು ಬಂದಿದ್ದೆವು. ಧೂಳು ಅಂದುಕೊಂಡು ಹಿತ್ತಲಿನ ನಲ್ಲಿಗೆ ಹಿಡಿದೆ.

ಕಲೆ ಹೋಯಿತು.

ಇದನ್ನು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಿರಿನ ಕೆಂಪು ತಣ್ಣೀರಿಗೆ ಹೋಗುವುದಿಲ್ಲ. ಸೋಪು ಹಚ್ಚಿ ಕಲ್ಲಿಗೆ ಹಾಕಿ ಉಜ್ಜಿದರೂ ಕಂದು ನೆರಳು ಉಳಿಯುತ್ತದೆ. ತಣ್ಣೀರಿಗೆ ಬಿಡುವ ಕೆಂಪು ಯಾವುದು ಎಂದು ಹೆಂಗಸಾದವಳಿಗೆ ಗೊತ್ತು. ಬೆಳ್ಳಗಾದ ಕರವಸ್ತ್ರವನ್ನು ಹಿಂಡಿ ಹಿಡಿದುಕೊಂಡು ಅಲ್ಲೇ ನಿಂತೆ. ಒಳಗೆ ಯಾರೋ, 'ಎಲಿ ಹಾಕ್ಯಾರ ಬರ್ರಿ' ಎಂದು ಕರೆಯುತ್ತಿದ್ದರು. ಹೋಗಿ ಕೂತು ಹೋಳಿಗೆ ತಿಂದೆ. ಅದರ ರುಚಿ ನೆನಪಿಲ್ಲ. ಎಲೆಯ ಅಂಚಿನಲ್ಲಿ ಒಂದು ಇರುವೆ ಉಪ್ಪಿನ ಸುತ್ತ ತಿರುಗುತ್ತಿದ್ದದ್ದು ನೆನಪಿದೆ.

ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಮೂರು ದಿನ ಬೆಳಿಗ್ಗೆ ಕಾದೆ. ಮೊದಲ ದಿನ ಕಫ ಹಿಡಿಯಲು ಒಂದು ಪುಟ್ಟ ಡಬ್ಬಿ ಕೊಟ್ಟು ಕಳಿಸಿದರು. ಅದರ ಮುಚ್ಚಳ ತಿರುವಿದಾಗ ಆಗುವ ಕಿರ್ರೆಂಬ ಸದ್ದು ಉಳಿದವರಿಗೆ ಕೇಳಿಸದಿರಲೆಂದು ಸೆರಗಿನೊಳಗೆ ತಿರುವಿದೆ. ಗೋಡೆಯ ಟಿವಿಯಲ್ಲಿ ಅವತ್ತೂ ನಾಲ್ಕು ಡಾಕ್ಟರುಗಳು ಮಾತಾಡುತ್ತಿದ್ದರು, ಸದ್ದು ಬಂದ್ ಮಾಡಿದ್ದರು. ಪಕ್ಕದಲ್ಲಿ ಪಾಪಿನಾಯಕನಹಳ್ಳಿಯ ಒಬ್ಬ ಮುದುಕ ಕೂತಿದ್ದ. ನನ್ನ ಕನ್ನಡಕ ನೋಡಿ ಓದಿದವಳು ಅಂದುಕೊಂಡನೋ ಏನೋ.

"ಏನ್ ಹೇಳಾಕತ್ತಾರವ್ವಾ ಅವ್ರು?"

"ಸದ್ದಿಲ್ಲಲ್ಲ ತಾತಾ."

"ಸದ್ದಿಲ್ಲದಿದ್ರನ ಛಲೋ ಬಿಡು. ಸದ್ದಿದ್ರ ನಮಗ ಬ್ಯಾಡಾದ್ದೂ ಕೇಳಿಸ್ತೈತಿ."

ನಾನು ತಲೆ ತಗ್ಗಿಸಿದೆ. ಮುದುಕ ತಮಾಷೆಗೆ ಅಂದದ್ದು, ನನಗೆ ಮಾತ್ರ ಅದು ನನ್ನದೇ ಜಾತಕ ಓದಿದ ಹಾಗಾಯಿತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈಗೆ ಮೆಹಂದಿ ಇನ್ನೂ ಮಾಸಿರಲಿಲ್ಲ. ಕಾಗದ ನೋಡಿ ಟಿಬಿ ಎಂದು ಸರಳವಾಗಿ ಹೇಳಿದರು, ವಾಸಿಯಾಗುತ್ತದೆ, ಆರು ತಿಂಗಳು ಒಂದು ದಿನವೂ ಗುಳಿಗೆ ತಪ್ಪಿಸಬಾರದು ಅಂದರು. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ಎರಡು ತಿಂಗಳ ಮೇಲಾಯಿತು ಅಂದೆ. ಅವರು ಬೈಯಲಿಲ್ಲ. ಎರಡು ವಾರಕ್ಕೇ ಬರಬೇಕೆಂದು ಯಾರೂ ಹೇಳಲಿಲ್ಲವೇ ಎಂದು ಬೇಸರದಿಂದ ಕೇಳಿದರು. ನಮ್ಮ ಯಜಮಾನರು ನನ್ನ ಪರವಾಗಿ, 'ನಮಗ್ಯಾರ್ ಹೇಳ್ಬೇಕ್ರಿ ಮೇಡಂ' ಅಂದುಬಿಟ್ಟರು. ನಾನು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದವಳೇ ನನ್ನ ತಟ್ಟೆ, ಲೋಟ, ಚಮಚ ಬೇರೆ ಮಾಡಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡೆ. ಅತ್ತೆಯವರು ಅಡ್ಡಿ ಮಾಡುವುದಿಲ್ಲ ಎಂದೇ ನಂಬಿದ್ದೆ. ಮಡಿ ಮೈಲಿಗೆ ನೋಡುವವರು, ಲಿಂಗಪೂಜೆಯಾಗದೆ ನೀರು ಮುಟ್ಟದವರು. ಅವರು ನನ್ನ ತಟ್ಟೆ ತಂದು ಎಲ್ಲರ ತಟ್ಟೆಗಳ ನಡುವೆ ಸೇರಿಸಿದರು.

"ಮಾಸ್ಕ್ ಹಾಕ್ಕೋ ಅಂದಾರ, ಹಾಕ್ಕೋ. ಕಿಟಕಿ ತೆಗಿ ಅಂದಾರ, ತೆಗಿ. ತಟ್ಟಿ ಸುದ್ದಿ ಡಾಕ್ಟ್ರು ಹೇಳಿಲ್ಲ. ಅವ್ರು ಹೇಳಿದ್ದಕ್ಕ ನೀ ಒಂದು ಸೇರ್ಸೋದೂ ಬ್ಯಾಡ, ಒಂದು ತೆಗಿಯೋದೂ ಬ್ಯಾಡ."

ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುವಿ ಅತ್ತೆ. ಮೊಟ್ಟೆ ತಿನ್ನಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಮ್ಮ ಮನೆಗೆ ಅದು ಬಾರದು. ಅದಕ್ಕೆ ಬದಲಾಗಿ ಅತ್ತೆಯವರು ದಿನಾ ಎರಡು ಶೇಂಗಾ ಉಂಡಿ ಕಟ್ಟಿ ಗುಳಿಗೆಯ ಡಬ್ಬಿಯ ಪಕ್ಕ ಇಡುತ್ತಿದ್ದರು, ಆರು ತಿಂಗಳೂ. ಗುಳಿಗೆ ನುಂಗಿದರೆ ಹೊಟ್ಟೆ ತೊಳೆಸುತ್ತಿತ್ತು, ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗುತ್ತಿತ್ತು. ಮೊದಲ ದಿನ ಅದನ್ನು ನೋಡಿ ಮತ್ತೆ ರಕ್ತವೆಂದು ಗೋಡೆ ಹಿಡಿದುಕೊಂಡಿದ್ದೆ. ಸಿಂಧುವಿನ ಪರೀಕ್ಷೆಯ ವರದಿ ಬರುವ ತನಕ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಅವಳಿಗೆ ಏನೂ ಇರಲಿಲ್ಲ. ಯಜಮಾನರಿಗೂ ಅತ್ತೆಗೂ ಇರಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ಇದು ಬರೀ ನನ್ನ ಕಾಯಿಲೆಯ ಕಥೆಯಾಗುತ್ತಿತ್ತು.

ಕಂಪ್ಲಿಗೆ ಏನು ಹೇಳುವುದೆಂಬ ಮಾತು ಬಂದಾಗ, ನಾಗವೇಣಿಯ ಅತ್ತೆಮನೆಯವರು ಏನಂದುಕೊಂಡಾರೋ ಎಂದು ಎಲ್ಲರೂ ಹಿಂಜರಿದೆವು. ನಿಮೋನಿಯಾ ಎಂದು ಹೇಳುವುದೆಂದು ತೀರ್ಮಾನವಾಯಿತು. ಯಜಮಾನರು ಫೋನಿನ ಸ್ಪೀಕರ್ ಹಾಕಿ ಹಾಗೇ ಹೇಳಿದರು, ನೀನೂ ಒಮ್ಮೆ ತೋರಿಸಿಕೋ ಅಂದರು. ಆ ಕಡೆಯಿಂದ ನಾಗವೇಣಿ ಕೆಮ್ಮಿ, ನಕ್ಕು, "ನಂದು ತೌಡಿನ ಧೂಳಣ್ಣಾ. ಅತ್ತಿಗಿ ಹೇಳಿದ್ದು ನಾ ಮರ್ತಿಲ್ಲ, ಗಾಬರಿ ಆಗ್ಬಾರ್ದು" ಅಂದಳು. ಫೋನು ನನ್ನಿಂದ ಒಂದು ಮೊಳ ದೂರದಲ್ಲಿ ಮೇಜಿನ ಮೇಲಿತ್ತು. ಬಾಗಿ ಒಂದು ಮಾತು ಆಡಿದ್ದರೆ ಸಾಕಿತ್ತು.

ಆಡಲಿಲ್ಲ. ಗುಳಿಗೆಯ ಲೆಕ್ಕ ನೋಡಲು ಆರೋಗ್ಯ ಇಲಾಖೆಯಿಂದ ಶಾಹೀನಾ ಎಂಬ ಹುಡುಗಿ ಬರುತ್ತಿದ್ದಳು. ಕಾಯಿಲೆಯಿದ್ದಾಗ ನಿಮ್ಮ ಜೊತೆ ಒಂದೇ ಕೋಣೆಯಲ್ಲಿ ಮಲಗಿದವರು ಇನ್ಯಾರಾದರೂ ಇದ್ದಾರಾ ಎಂದು ಕೇಳಿದಳು. ಇಲ್ಲ ಅಂದೆ. ಅವಳು ಪೆನ್ನಿನ ಕ್ಯಾಪು ಹಾಕಿದಳು. ಮತ್ತೆ ಅವಳು ಬಂದದ್ದು ಮೂರು ವಾರ ಬಿಟ್ಟು. ಆ ಮೂರು ವಾರ ಆ ಕ್ಯಾಪಿನ ಟಿಕ್ ಎಂಬ ಸದ್ದು ನನ್ನ ಕಿವಿಯಲ್ಲಿತ್ತು. ಅವಳು ಮೆಟ್ಟಿಲು ಹತ್ತುತ್ತಿದ್ದ ಹಾಗೇ ಹೇಳಿದೆ, ಒಬ್ಬಳಿದ್ದಾಳೆ, ನಾಗವೇಣಿ, ಕಂಪ್ಲಿ. ಶಾಹೀನಾ ಚಪ್ಪಲಿ ಬಿಡುವ ಮುಂಚೆಯೇ ಪುಸ್ತಕ ತೆಗೆದು ಬರೆದುಕೊಂಡಳು. "ಈಗಾದ್ರೂ ಹೇಳಿದ್ರಲ್ಲ ಅಕ್ಕಾರೆ" ಅಂದಳು. ಆ ಹುಡುಗಿಯ ಋಣ ನನ್ನ ಮೇಲಿದೆ.

ಯಜಮಾನರು ಆವತ್ತೇ ಕಾರು ತೆಗೆದುಕೊಂಡು ಕಂಪ್ಲಿಗೆ ಹೋದರು. ನಾಗವೇಣಿಗೆ ಅಷ್ಟರಲ್ಲಿ ನಾಲ್ಕು ಹೆಜ್ಜೆ ನಡೆದರೆ ಉಸಿರು ಸಿಕ್ಕುತ್ತಿರಲಿಲ್ಲ. ಒಂದು ಮಗ್ಗುಲ ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಅಲ್ಲಿಂದ ನೇರ ಬಳ್ಳಾರಿಗೆ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಅವಳದೂ ಟಿಬಿ. ನನ್ನಿಂದ ಅವಳಿಗೋ, ಅವಳಿಂದ ನನಗೋ, ಇಬ್ಬರಿಗೂ ಬೇರೆಲ್ಲಿಂದಲೋ, ಅದನ್ನು ಹೇಳಲಾಗದು ಎಂದು ಅಲ್ಲಿಯ ಡಾಕ್ಟರು ಅಂದರಂತೆ. ಇನ್ನಷ್ಟು ಮುಂಚೆ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಮಾತ್ರ ಖಚಿತವಾಗಿ ಹೇಳಿದರಂತೆ.

ಡಾಕ್ಟರು ಒಪ್ಪಿದ ಮೇಲೆ ನಾನು ನೋಡಲು ಹೋದೆ. ವಾರ್ಡಿನ ಹೊರಗೆ ಅವಳ ಗಂಡ ಕೂತಿದ್ದರು. ಗಿರಣಿಯಿಂದ ಎದ್ದು ಬಂದಿದ್ದರು, ಮುಂಗೈ ಕೂದಲಲ್ಲಿ ಇನ್ನೂ ಬಿಳಿ ಹುಡಿ. ಜಗಳದ ದನಿಯಲ್ಲಿ ಮಾತಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕುರ್ಚಿ ಒರೆಸಿ ಕೊಟ್ಟು ಹೇಳಿದರು.

"ಎಷ್ಟ್ ಸಲ ಕರದ್ನ್ರಿ ಅಕ್ಕಾರ, ಬಾ ಬಳ್ಳಾರಿಗೆ ತೋರ್ಸೂಣು ಅಂತ. ಕರದಾಗೊಮ್ಮೆ ಫೋನ್ ತಗದು ನಿಮ್ಮ ದನಿ ಹಚ್ಚೋಳು. ಕೇಳ್ರಿ, ಡಾಕ್ಟ್ರು ಹೇಳಿದ್ದನ್ನ ಅತ್ತಿಗಿ ಹೇಳ್ಯಾರ, ನಿಮಗೇನ್ ತಿಳಿತೈತಿ ಅನ್ನೋಳು. ನನಗೂ ಹೌದನ್ಸೋದು. ಓದಿದವ್ರ ಮಾತು."

ಟಿವಿಯ ಡಾಕ್ಟರುಗಳು ಇವತ್ತೊಂದು ನಾಳೆಯೊಂದು ಹೇಳುತ್ತಾರೆ, ಅವರ ಮಾತು ನಂಬಿ ಕೆಟ್ಟೆವು ಎಂದು ನಮ್ಮ ಓಣಿಯಲ್ಲಿ ಆಮೇಲೆ ಮಾತಾಯಿತು. ಆ ನರೆತ ಹುಬ್ಬಿನವರನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಅವರು ಪೂರ್ತಿ ಹೇಳಿದ್ದರು. ಎಲ್ಲರಿಗೂ ಮುಟ್ಟಲೆಂದು ಕೊನೆಯ ಮಾತಿಗೆ ಮುಂಚೆ ತಡೆದು, ನೇರ ನೋಡಿ ಹೇಳಿದ್ದರು. ಅವರಿಂದ ನಮ್ಮವರಿಗೆ ಬರುವ ದಾರಿಯಲ್ಲಿ ನಾನು ಕೂತಿದ್ದೆ.

ನನ್ನ ಗುಳಿಗೆ ಜೂನಿನಲ್ಲಿ ಮುಗಿಯಿತು. ಅವಳದು ಮುಂದಿನ ತಿಂಗಳು. ನಾಗರಪಂಚಮಿಗೆ ತವರಿಗೆ ಬಂದಳು.

ಪ್ರತಿ ವರ್ಷ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತೇವೆ. ನಾಗವೇಣಿ ಯಾವತ್ತೂ ಕೂತು ಆಡಿದವಳಲ್ಲ. ಸೆರಗು ಸಿಕ್ಕಿಸಿ, ನಿಂತು ಜೀಕಿ, ಮೇಲಿನ ಕೊಂಬೆಯ ಎಲೆ ಕಿತ್ತು ತಂದು ನಮ್ಮ ಮೇಲೆ ಎಸೆದು ನಗುವವಳು. ಈ ಸಲ ಹಲಗೆಯ ಮೇಲೆ ಸುಮ್ಮನೆ ಕೂತಳು. ಸಿಂಧು ಮೆಲ್ಲಗೆ ತಳ್ಳಿದಳು. ಏನೋ ತಮಾಷೆ ಬಂತು, ನಾಗವೇಣಿ ನಗಲು ಶುರುಮಾಡಿದಳು, ಮೊದಲ ಸುತ್ತಿಗೇ ಉಸಿರು ಮುಗಿಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು, ಸಾಕು ಎಂಬಂತೆ ಬೆರಳು ಆಡಿಸಿದಳು. ಸಿಂಧುವನ್ನು ಒಳಗೆ ಕಳಿಸಿ ನಾನು ಅವಳ ಎದುರು ಕಟ್ಟೆಯ ಮೇಲೆ ಕೂತೆ. ಎಲ್ಲ ಹೇಳಿದೆ. ಹಾಲಿನ ಚೀಟಿ, ನಿಂತ ಪೆನ್ನು, ಹೊಲಿಗೆ ಹಾಕಿದ ರವಿಕೆ, ಬಾಯಿಗೆ ಬಂದು ನುಂಗಿದ ಮಾತು. ಫೋನು ಒಂದು ಮೊಳ ದೂರದಲ್ಲಿದ್ದದ್ದು. ಶಾಹೀನಾಗೆ ಇಲ್ಲ ಅಂದದ್ದು.

ಅವಳು ಜೋಕಾಲಿಯ ಹಗ್ಗದ ನಾರು ಕೀಳುತ್ತ ಕೇಳಿಸಿಕೊಂಡಳು. ಆಮೇಲೆ ನನ್ನನ್ನು ನೋಡದೆ ಕೇಳಿದಳು.

"ಹೆದ್ರಿದ್ರೇನು?"

"ಭಾಳ ಹೆದ್ರಿದ್ದೆ ವೇಣಿ."

"ನನಗೂ ಹೆದ್ರಿಕಿ ಇತ್ರಿ. ನೀವು ಆ ಮಾತು ಹೇಳಿದ್ರೂ ನಾ ಡಾಕ್ಟ್ರ ಕಡೆ ಹೋಗ್ತಿದ್ನೋ ಇಲ್ಲೋ, ಯಾರಿಗ್ಗೊತ್ತು. ಗಿರಣಿ, ಮನಿ, ಏನರ ನೆವ ಹೇಳ್ತಿದ್ದೆ." ಉಸಿರಿಗಾಗಿ ನಿಂತಳು. "ಆದ್ರ ಅತ್ತಿಗಿ, ಆ ತಪ್ಪು ನಾ ಮಾಡ್ಬೇಕಿತ್ರಿ. ನೀವಲ್ಲ."

ಬೈಗುಳಕ್ಕೆ ನಾನು ತಯಾರಾಗಿದ್ದೆ, ಕ್ಷಮೆಗೂ ಅಷ್ಟೋ ಇಷ್ಟೋ ತಯಾರಾಗಿದ್ದೆ. ಇದಕ್ಕೆ ತಯಾರಾಗಿರಲಿಲ್ಲ. ಅಂದಿನಿಂದ ದಿನಕ್ಕೊಮ್ಮೆಯಾದರೂ ಈ ಮಾತು ನನ್ನ ಮುಂದೆ ಬಂದು ನಿಲ್ಲುತ್ತದೆ.

ಅವಳು ಸೊಂಟದಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟಳು. "ಈಗ ಹೇಳ್ರಿ. ಅವತ್ತು ಬಿಟ್ಟಿದ್ದಷ್ಟ. ಗ್ರೂಪಿಗೆ ನಾ ಕಳಿಸ್ತೀನಿ."

ಎರಡು ಸಲ ಅರ್ಧಕ್ಕೆ ನಿಲ್ಲಿಸಿ ಅಳಿಸಿದೆ. ಮೂರನೆಯ ಸಲ ಹೇಳಿದೆ. ಎರಡು ವಾರ ದಾಟಿದ ಕೆಮ್ಮಿಗೆ ಕಾಯಬೇಡಿ, ಸಂಜೆ ಜ್ವರ ಬಂದರೆ, ತೂಕ ಇಳಿದರೆ ಕಫ ಪರೀಕ್ಷೆ ಮಾಡಿಸಿ, ಇದನ್ನು ಡಾಕ್ಟರು ಅವತ್ತೇ ಹೇಳಿದ್ದರು, ನಾನು ಹೇಳಿರಲಿಲ್ಲ, ನನಗೂ ನಾಗವೇಣಿಗೂ ಆದದ್ದು ಟಿಬಿ. ಹದಿನೆಂಟು ಸೆಕೆಂಡು. ಅವಳು ಕಿವಿಗೆ ಹಿಡಿದು ಒಮ್ಮೆ ಕೇಳಿ, ಕಳಿಸಿದಳು.

ಹಳೆಯದನ್ನು ಅಳಿಸಿಬಿಡು ಎಂದು ಕೇಳಿಕೊಂಡೆ. ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಗೆಯ ಮೇಲೆ ಸರಿದು ಕೂತಳು, ನನಗೂ ಜಾಗ ಬಿಟ್ಟು.

"ಇರ್ಲಿ ಬಿಡ್ರಿ. ಎರಡೂ ಇರ್ಲಿ."